ಉಸಿರಿಗೊಂದು ಹೊಲಿಗೆ

"ಎದೆ ಮೂವತ್ತೆಂಟು. ಕೈ ಸ್ವಲ್ಪ ಮೇಲೆತ್ತಿ. ಉಸಿರು ಬಿಗಿ ಹಿಡೀಬೇಡಿ, ಆಮೇಲೆ ಬಟ್ಟೆ ಬಿಗಿಯಾಯ್ತು ಅಂತ ನನ್ನ ಮೇಲೆ ಗೂಬೆ ಕೂರಿಸ್ತೀರಿ."

ಅಷ್ಟು ಹೊತ್ತಿಗೆ ಅವಳು ಟೇಪು ಹಿಡಿದು ಅವನ ಸುತ್ತ ಒಂದು ಸುತ್ತು ಬಂದಾಗಿತ್ತು. ಅವನೋ ಎರಡೂ ಕೈ ಮೇಲೆತ್ತಿಕೊಂಡು, ಪೊಲೀಸರ ಕೈಗೆ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ.

"ಮೇಡಂ, ನಾನು ಬಟ್ಟೆ ಹೊಲಿಸೋಕೆ ಬಂದದ್ದಲ್ಲ."

"ಮತ್ತೆ?"

"ಹೊಲಿಗೆ ಕಲಿಯೋಕೆ ಬಂದೆ. ಹೇಳೋಣ ಅಂದ್ರೆ ನೀವು ಬಿಡ್ಲಿಲ್ಲ."

ಮೂಲೆಯಲ್ಲಿ ಕೂತು ಕಾಜಾ ಹಾಕುತ್ತಿದ್ದ ಅವಳ ಸೋದರತ್ತೆಗೆ ನಗು ತಡೆಯಲಾಗಲಿಲ್ಲ. ಗುಂಡಿ ಡಬ್ಬಿ ಮಡಿಲಿಂದ ಜಾರಿ ನೆಲದ ತುಂಬ ಗುಂಡಿಗಳು ಉರುಳಾಡಿದವು. ಬಂದವನು ಏನೂ ಆಗಿಲ್ಲವೆಂಬಂತೆ ಮಂಡಿಯೂರಿ ಒಂದೊಂದೇ ಗುಂಡಿ ಹೆಕ್ಕತೊಡಗಿದ. ಅವಸರವಿಲ್ಲ, ಮುಖದಲ್ಲಿ ಬೇಸರವಿಲ್ಲ. ಮೆಷಿನ್ ಕೆಳಗೆ ಸೇರಿದ ಕಟ್ಟಕಡೆಯ ಗುಂಡಿ ಸಿಗುವವರೆಗೂ ಅವನು ಏಳಲಿಲ್ಲ. ಅವಳು ಅದನ್ನು ಗಮನಿಸಿದಳು. ಗಮನಿಸಿದ್ದನ್ನು ತೋರಿಸಿಕೊಳ್ಳಲಿಲ್ಲ.

ಆ ಬೀದಿಯಲ್ಲಿ ಟೈಲರ್ ಅಂಗಡಿಗಳಿಗೇನೂ ಬರವಿರಲಿಲ್ಲ. ಆದರೂ ವಕೀಲರ ಗೌನು, ಬ್ಯಾಂಡಿನವರ ಕೋಟು, ಮದುವೆ ಹುಡುಗಿಯರ ಉಡುಪು, ಹೀಗೆ ಎಡವಟ್ಟಾದರೆ ನಾಲ್ಕು ಜನರ ಮುಂದೆ ಮರ್ಯಾದೆ ಹೋಗುವಂಥ ಬಟ್ಟೆಗಳೆಲ್ಲ ಬರುತ್ತಿದ್ದದ್ದು ಅವಳ ಹತ್ತಿರವೇ. ಅಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡು. ಈ ಹುಡುಗಿ ಏನು ಅಂಗಡಿ ನಡೆಸುತ್ತಾಳೆ ಎಂದು ಮೂಗು ಮುರಿದವರೆಲ್ಲ ಹತ್ತು ವರ್ಷದಲ್ಲಿ ಒಬ್ಬೊಬ್ಬರಾಗಿ ಅವಳ ಟೇಪಿನ ಮುಂದೆ ಕೈ ಎತ್ತಿ ನಿಂತಿದ್ದರು. ಜಂಬದವಳು ಎಂದು ಬೀದಿಯೇ ಹೇಳುತ್ತಿತ್ತು. ಅವಳೂ ಇಲ್ಲ ಅನ್ನುತ್ತಿರಲಿಲ್ಲ. ಕೈಯಲ್ಲಿ ಅಂಥ ಕಸುಬು ಇದ್ದವರಿಗೆ ಅಷ್ಟು ಜಂಬ ಇದ್ದರೆ ಯಾರಿಗೇನು ನಷ್ಟ!

ಬಂದವನು ಲಿಫ್ಟ್ ಮೆಕ್ಯಾನಿಕ್. ಈಗ ಆ ಕೆಲಸವನ್ನೂ ಬಿಟ್ಟಾಗಿತ್ತು. ಊರ ಹೊರಗಿನ ವಿಹಾರದಲ್ಲಿ ಆರು ವರ್ಷದಿಂದ ಧ್ಯಾನಕ್ಕೆ ಕೂರುತ್ತಿದ್ದವನು, ಇನ್ನು ನಾಲ್ಕು ತಿಂಗಳಿಗೆ ಭಿಕ್ಷುವಾಗಿ ದೀಕ್ಷೆ ತಗೊಳ್ಳುವವನಿದ್ದ. ಆ ವಿಹಾರದಲ್ಲಿ ಒಂದು ಕಟ್ಟುಪಾಡು. ಭಿಕ್ಷುವಾಗುವವನು ತಾನು ಉಡುವ ಚೀವರವನ್ನು ತಾನೇ ಹೊಲಿಯಬೇಕು. ಬಟ್ಟೆಯನ್ನು ಇಪ್ಪತ್ತೊಂದು ತುಂಡು ಮಾಡಿ, ಮೂರು ಮೂರು ತುಂಡು ಸೇರಿಸಿ ಏಳು ಪಟ್ಟಿ ಮಾಡಿ, ಆ ಏಳನ್ನೂ ಜೋಡಿಸಿ, ಸುತ್ತ ಅಂಚು ಕಟ್ಟಬೇಕು.

"ಚೆನ್ನಾಗಿರೋ ಬಟ್ಟೇನ ಚೂರು ಮಾಡಿ ಮತ್ತೆ ಸೇರಿಸೋದಾ? ಯಾಕೆ, ಮಾಡೋಕೆ ಬೇರೆ ಕೆಲಸ ಇಲ್ವಾ?" ಎಂದಳು ಅವಳು. ಒಳ್ಳೆಯ ಬಟ್ಟೆಯ ವಿಷಯ ಬಂದರೆ ಅವಳಿಗೆ ಕರುಳು ಚುರುಕ್ ಅನ್ನುತ್ತಿತ್ತು.

"ಇಡೀ ಬಟ್ಟೆ ಆದ್ರೆ ನನ್ನದು ಅನ್ನೋ ಆಸೆ ಹುಟ್ಟುತ್ತಂತೆ. ಚೂರು ಜೋಡಿಸಿದ್ದು ಆದ್ರೆ ಯಾರೂ ಆಸೆ ಪಡಲ್ಲ."

"ಯಾರು ಹೇಳಿದ್ದು? ನಾನು ಜೋಡಿಸಿದ್ರೆ ಇಡೀ ಬಟ್ಟೆಗಿಂತ ಚೆನ್ನಾಗಿ ಕಾಣುತ್ತೆ."

"ಅದಕ್ಕೇ ನೀವು ಜೋಡಿಸೋ ಹಾಗಿಲ್ಲ," ಎಂದು ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. "ಒಂದು ಹೊಲಿಗೆಯಾದ್ರೂ ಬೇರೆಯವರ ಕೈಯದಾಗಿದ್ರೆ ಅದು ಚೀವರವೇ ಅಲ್ಲ. ದೀಕ್ಷೆ ದಿನ ಎಲ್ಲರ ಮುಂದೆ ನಮ್ಮ ಗುರುಗಳು ಭಂತೇಜಿ ಅದನ್ನ ಕೈಯಲ್ಲಿ ಹಿಡ್ಕೊಂಡು, ಇದು ನಿನ್ನ ಕೈಯದೇ ಅಂತ ಕೇಳ್ತಾರೆ. ಹೌದು ಅನ್ನೋ ಹಾಗಿರಬೇಕು."

"ಮೆಷಿನ್ನಲ್ಲಾ?"

"ಕೈಯಲ್ಲಿ. ಒಂದು ಉಸಿರಿಗೆ ಒಂದೇ ಹೊಲಿಗೆ."

"ಅಯ್ಯೋ ಸ್ವಾಮಿಗಳೇ, ಹಾಗಾದ್ರೆ ಅಂಚು ಕಟ್ಟೋದರೊಳಗೆ ನಿಮಗೆ ನಿರ್ವಾಣವೇ ಸಿಕ್ಕಿಬಿಡುತ್ತೆ."

ಅವಳು ಒಪ್ಪಿದಳು. ಆದರೆ ಒಂದು ಷರತ್ತು ಹಾಕಿದಳು. ಅಂಗಡಿ ತೆಗೆಯುವ ಮೊದಲು ದಿನಾ ಅರ್ಧ ಗಂಟೆ ಅವನು ಅವಳಿಗೆ ಧ್ಯಾನಕ್ಕೆ ಕೂರುವುದನ್ನು ಕಲಿಸಬೇಕು. ತನಗೆ ಬಾರದ ವಿದ್ಯೆ ಎದುರಿಗಿದ್ದವರಿಗೆ ಬರುತ್ತದೆ ಎಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಮಾರನೇ ದಿನದಿಂದ ಕಟಿಂಗ್ ಟೇಬಲ್ಲಿನ ಪಕ್ಕದಲ್ಲಿ ಎರಡು ದಿಂಬು ಬಿದ್ದವು.

"ಬೆನ್ನು ನೆಟ್ಟಗೆ. ಉಸಿರು ಹೇಗೆ ಬರುತ್ತೋ ಹಾಗೆ ಬರಲಿ. ಅದನ್ನ ಸುಮ್ಮನೆ ನೋಡಿ."

ಎರಡು ನಿಮಿಷ. "ಸ್ವಾಮಿಗಳೇ, ಕಣ್ಣು ಮುಚ್ಚಿದ್ರೆ ಪಕ್ಕದ ಬೇಕರಿಯವರ ಸೊಂಟ ಕಾಣುತ್ತೆ. ನಲವತ್ನಾಲ್ಕು ಇಂಚು."

"ಕಾಣಲಿ. ಬಿಟ್ಟು ಉಸಿರಿಗೆ ಬನ್ನಿ."

"ಹೋಗ್ತಾ ಇಲ್ಲ. ದೊಡ್ಡ ಸೊಂಟ."

ಅವನ ಭುಜಗಳು ಅಲುಗಿದವು. ಆರು ವರ್ಷ ಧ್ಯಾನ ಮಾಡಿದವನು ಕಣ್ಣು ಮುಚ್ಚಿಕೊಂಡೇ ನಗು ತಡೆಯುವುದನ್ನು ಅವಳು ಒಂದೇ ಕಣ್ಣು ತೆರೆದು ನೋಡಿದಳು. ಗೆದ್ದಷ್ಟು ಖುಷಿಯಾಯಿತು.

ಹೊಲಿಗೆಯಲ್ಲಿ ಮಾತ್ರ ಅವನು ಶುದ್ಧ ದಡ್ಡ. ಸ್ಪ್ಯಾನರ್ ಹಿಡಿದು ದಪ್ಪಗಾದ ಬೆರಳಿಗೆ ಸೂಜಿ ಬಗ್ಗುತ್ತಲೇ ಇರಲಿಲ್ಲ. ದಾರ ಪೋಣಿಸುವಾಗ ನಾಲಿಗೆ ತುದಿ ತುಟಿಯಂಚಿಗೆ ಬರುತ್ತಿತ್ತು. ಒಂದೊಂದು ಹೊಲಿಗೆ ಹಾಕಿದ ಮೇಲೂ ತಲೆ ಎತ್ತಿ ಅವಳ ಮುಖ ನೋಡುತ್ತಿದ್ದ. ಅವಳು ಕನ್ನಡಕದ ಮೇಲಿಂದ ಹುಬ್ಬು ಹಾರಿಸಿದರೆ ಬಿಚ್ಚುತ್ತಿದ್ದ, ಸುಮ್ಮನಿದ್ದರೆ ಮುಂದಿನ ಉಸಿರಿಗೆ ಕಾಯುತ್ತಿದ್ದ. ಒಂದು ದಿನ ಸೂಜಿ ಆಳಕ್ಕೆ ಚುಚ್ಚಿ ಬೆರಳಲ್ಲಿ ರಕ್ತ ಬಂತು. ಅವಳು ಓಡಿ ಬಂದು ಬಟ್ಟೆಚೂರು ಸುತ್ತಿದಳು. ಸುತ್ತಿ ಮುಗಿದ ಮೇಲೂ ಅವಳ ಬೆರಳು ಅಲ್ಲೇ ಇತ್ತು, ಅವನೂ ಕೈ ಎಳೆದುಕೊಳ್ಳಲಿಲ್ಲ. ಆಮೇಲೆ ಇಬ್ಬರಿಗೂ ಒಟ್ಟಿಗೇ ನೆನಪಾಗಿ, ಇಬ್ಬರೂ ಬೇರೆ ಬೇರೆ ಗೋಡೆ ನೋಡಿದರು.

"ಯಾಕೆ ಇದೆಲ್ಲ?" ಎಂದು ಒಮ್ಮೆ ಕೇಳಿದಳು. "ಕೆಲಸ ಇತ್ತು, ಕೈಕಾಲು ಗಟ್ಟಿ ಇದೆ, ನೋಡೋಕೂ ಅಷ್ಟೇನೂ ಕೆಟ್ಟದಾಗಿಲ್ಲ."

"ಒಂದು ಸಲ ಲಿಫ್ಟಲ್ಲಿ ಆರನೇ ಮಹಡಿಗೂ ಏಳನೇ ಮಹಡಿಗೂ ಮಧ್ಯ ಸಿಕ್ಕಿಹಾಕ್ಕೊಂಡೆ. ಒಳಗೆ ಕತ್ತಲೆ. ನಾಲ್ಕು ಗಂಟೆ. ಮೊದಲನೇ ಗಂಟೆ ಕೂಗಿದೆ. ಎರಡನೇ ಗಂಟೆ ಎಲ್ಲರಿಗೂ ಬೈದೆ. ಮೂರನೇ ಗಂಟೆ ಕಣ್ಣೀರು ಹಾಕಿದೆ. ನಾಲ್ಕನೇ ಗಂಟೆ ಸಾಕಾಗಿ ಸುಮ್ಮನೆ ಕೂತೆ. ಆಗ ನನ್ನ ಉಸಿರು ನನಗೆ ಕೇಳಿಸ್ತು." ಅವನು ಸೂಜಿ ಕೆಳಗಿಟ್ಟ. "ಇಪ್ಪತ್ತೆಂಟು ವರ್ಷ ನನ್ನ ಜೊತೆಗೇ ಇದ್ದದ್ದು. ಒಂದು ಸಲಾನೂ ಅದರ ಕಡೆ ನೋಡಿರಲಿಲ್ಲ. ಬಾಗಿಲು ತೆಗೆದಾಗ ಹೊರಗೆ ಬರೋಕೆ ಮನಸ್ಸೇ ಇರಲಿಲ್ಲ. ಅಲ್ಲಿ ಕಂಡದ್ದು ಏನು ಅಂತ ಪೂರ್ತಿ ತಿಳೀಬೇಕು, ಅಷ್ಟೇ."

ಅವಳು ಅವನ ಮುಖವನ್ನೇ ನೋಡಿದಳು. ತಾನು ಮೊದಲ ಬಾರಿ ನೆಟ್ಟಗೆ ಹೊಲಿಗೆ ಹಾಕಿದ ದಿನ ತನ್ನ ಮುಖವೂ ಹೀಗೇ ಇದ್ದಿರಬೇಕು ಅನ್ನಿಸಿತು. ಅವತ್ತೇ ಅವಳಿಗೆ ಗೊತ್ತಾಯಿತು, ತಾನು ಈ ಮನುಷ್ಯನನ್ನು ಪ್ರೀತಿಸುತ್ತಿದ್ದೇನೆ ಎಂದು. ಅವನು ಹೋಗುವವನು ಎಂಬುದು ಮೊದಲೇ ಗೊತ್ತಿತ್ತು.

ಮೂರನೇ ತಿಂಗಳಲ್ಲಿ ಅವನು ಹತ್ತು ದಿನದ ಮೌನಕ್ಕೆಂದು ವಿಹಾರಕ್ಕೆ ಹೋದ. ಅರ್ಧ ಆದ ಚೀವರವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅವಳ ಕಪಾಟಿನಲ್ಲಿಟ್ಟ. ಹೊರಡುವಾಗ ಬಾಗಿಲಲ್ಲಿ ನಿಂತು, "ನೋಡ್ಕೊಳ್ಳಿ, ಟೀಚರ್," ಅಂದ.

ಅವಳು ನೋಡಿಕೊಂಡಳು. ತೊಂದರೆ ಆದದ್ದೇ ಅಲ್ಲಿ. ಐದನೇ ದಿನ ಮಧ್ಯಾಹ್ನ, ಅತ್ತೆ ಊಟಕ್ಕೆ ಹೋದಾಗ, ಗಂಟು ಬಿಚ್ಚಿ ಮೇಜಿನ ಮೇಲೆ ಹರಡಿದಳು. ಎರಡನೇ ಪಟ್ಟಿಗೂ ಮೂರನೇ ಪಟ್ಟಿಗೂ ನಡುವಿನ ಉದ್ದ ಜೋಡಣೆ ಸೊಟ್ಟಗಿತ್ತು. ಸೊಟ್ಟ ಎಂದರೆ ಹೇಳತೀರದಷ್ಟು. ನೂರಾರು ಜನ ಸೇರಿದ ಕಡೆ, ಎಲ್ಲರ ಕಣ್ಣೆದುರು, ತನ್ನ ಅಂಗಡಿಯಲ್ಲಿ ಕಲಿತವನು ಇದನ್ನು ಹೊದ್ದು ನಿಲ್ಲುವುದಾ? ಕೈ ಕಡಿಯಿತು. ಅವನಿಗೆ ಹನ್ನೊಂದು ದಿನ ಹಿಡಿದ ಜೋಡಣೆಯನ್ನು ಅವಳು ಕಾಲು ಗಂಟೆಯಲ್ಲಿ ಬಿಚ್ಚಿ, ಒಂದೇ ಮಧ್ಯಾಹ್ನದಲ್ಲಿ ಮತ್ತೆ ಹೊಲಿದಳು. ಅನುಮಾನ ಬಾರದಿರಲೆಂದು ಅಲ್ಲಲ್ಲಿ ಬೇಕೆಂದೇ ಒಂದೊಂದು ಹೊಲಿಗೆ ತಪ್ಪಿಸಲು ನೋಡಿದಳು. ಅವಳ ಕೈ ತಪ್ಪಲು ಒಪ್ಪಲಿಲ್ಲ.

ಜಂಬಕ್ಕೆ ಮಾಡಿದ್ದು ಎಂದುಕೊಂಡರೆ ಅರ್ಧ ಮಾತ್ರ ನಿಜ. ಇನ್ನರ್ಧ ಏನೆಂದು ಅವಳು ತನಗೂ ಹೇಳಿಕೊಳ್ಳಲಿಲ್ಲ.

ಅವನು ಬಂದ. ತೆಳ್ಳಗಾಗಿದ್ದ, ಕಣ್ಣು ತಿಳಿಯಾಗಿತ್ತು. ಚೀವರ ಬಿಡಿಸಿ ನೋಡಿದ, ಒಂದು ಕ್ಷಣ ಹೆಚ್ಚೇ ನೋಡಿದ. ಆಮೇಲೆ ನಾಲ್ಕನೇ ಪಟ್ಟಿಗೆ ಸೂಜಿ ಹಾಕಿದ.

ಅವನಿಗೆ ಗೊತ್ತಾಗಲಿಲ್ಲ ಎಂದು ಅವಳು ನಿಟ್ಟುಸಿರು ಬಿಟ್ಟಳು. ಅದು ಎರಡು ದಿನದ ಸುಖ. ಮೂರನೇ ದಿನ ಬೆಳಗ್ಗೆ ದಿಂಬಿನ ಮೇಲೆ ಕೂತು ಕಣ್ಣು ಮುಚ್ಚಿದರೆ ಬೇಕರಿಯವರ ಸೊಂಟ ಬರಲಿಲ್ಲ, ಆ ಜೋಡಣೆ ಬಂತು. ಬಿಟ್ಟು ಉಸಿರಿಗೆ ಬಂದಳು. ಮತ್ತೆ ಅದೇ. ಅಂಗಡಿಯಲ್ಲಿ ಮೆಷಿನ್ ಸದ್ದು, ಗಿರಾಕಿಗಳ ಮಾತು, ಅತ್ತೆಯ ಒಗ್ಗರಣೆ, ಇದೆಲ್ಲದರ ನಡುವೆ ಮರೆತಿರಬಹುದಿತ್ತು. ಸುಮ್ಮನೆ ಕೂತಾಗ ಮರೆಯಲು ಜಾಗವೇ ಇರುತ್ತಿರಲಿಲ್ಲ. ಹೇಳದಿದ್ದರೆ ಅವನು ಭಂತೇಜಿಯ ಮುಂದೆ, ಗೊತ್ತಿಲ್ಲದೆ, ಸುಳ್ಳು ಹೇಳಿ ಭಿಕ್ಷುವಾಗುತ್ತಾನೆ. ಹೇಳಿದರೆ ದೀಕ್ಷೆ ತಪ್ಪಿಹೋಗಬಹುದು. ದೀಕ್ಷೆ ವರ್ಷಕ್ಕೊಂದೇ ಸಲ. ತನ್ನನ್ನು ಹಿಡಿದಿಟ್ಟುಕೊಳ್ಳಲು ಬೇಕಂತಲೇ ಮಾಡಿದಳು ಎಂದು ಅವನು ತಿಳಿದರೆ? ಅದನ್ನು ಅವಳಿಗೆ ಊಹಿಸಲೂ ಆಗಲಿಲ್ಲ.

"ಏನೇ, ಮೂರು ವಾರದಿಂದ ಮುಖ ಇಸ್ತ್ರಿ ಕಾಣದ ಬಟ್ಟೆ ಥರ ಇದೆ," ಅಂದರು ಅತ್ತೆ.

"ಧ್ಯಾನ ಮಾಡ್ತಿದ್ದೀನಲ್ಲ ಅತ್ತೆ."

"ಧ್ಯಾನದಿಂದ ಶಾಂತಿ ಸಿಗುತ್ತೆ ಅಂತಾರಪ್ಪ. ನಿನಗ್ಯಾಕೋ ಉಲ್ಟಾ."

ದೀಕ್ಷೆಗೆ ಎಂಟೇ ದಿನ ಉಳಿದಿತ್ತು. ಚೀವರಕ್ಕೆ ಸುತ್ತ ಅಂಚು ಕಟ್ಟಿ ಮುಗಿದಿತ್ತು. ಆ ಬೆಳಗ್ಗೆ ಇಬ್ಬರೂ ಎದುರುಬದುರು ಕೂತಿದ್ದಾಗ ಅವಳು ಕಣ್ಣು ತೆರೆದಳು.

"ನಾನೊಂದು ತಪ್ಪು ಮಾಡಿದ್ದೀನಿ."

"ಉಸಿರು ತಪ್ತಾ? ಪರವಾಗಿಲ್ಲ, ಮತ್ತೆ ಶುರು ಮಾಡಿ," ಅಂದ ಅವನು, ಕಣ್ಣು ಮುಚ್ಚಿಕೊಂಡೇ.

"ಉಸಿರಲ್ಲ. ಹೊಲಿಗೆ. ನೀವು ಇಲ್ಲದಾಗ ಎರಡನೇ ಜೋಡಣೆ ಬಿಚ್ಚಿ ನಾನೇ ಹೊಲಿದೆ. ಆ ಸೊಟ್ಟ ನೋಡೋಕಾಗಲಿಲ್ಲ. ಅದು ನಿಮ್ಮ ಕೈಯದಲ್ಲ."

ಅವನು ಕಣ್ಣು ತೆರೆದ. ಸಿಟ್ಟು ಬರುತ್ತದೆ ಎಂದು ಅವಳು ಕಾದಳು. ಬರಲಿಲ್ಲ.

"ಗೊತ್ತು," ಅಂದ.

"ಯಾವಾಗಿಂದ?"

"ಬಂದ ದಿನದಿಂದ. ಇಷ್ಟು ದಿನ ನಿಮ್ಮ ಕೈ ನೋಡ್ಕೊಂಡೇ ಕೂತಿದ್ದೀನಿ ಟೀಚರ್. ನಿಮ್ಮ ಹೊಲಿಗೆ ನನಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ? ಭಂತೇಜಿ ಕೇಳಿದ್ರೆ ಏನು ಹೇಳ್ತಿದ್ರಿ?"

"ನನ್ನ ಕೈಯದೇ ಅಂತ ಸುಳ್ಳು ಹೇಳೋಕೆ ತಯಾರಾಗಿದ್ದೆ. ಆರು ವರ್ಷ ಕೂತವನು!" ಅವನ ದನಿ ಸಣ್ಣದಾಯಿತು. "ಎಲ್ಲಾ ಬಿಟ್ಟು ಹೋಗೋನು ನಾನು. ನಿಮ್ಮ ಕೈ ಹಾಕಿದ ದಾರ ಒಂದು ಮೈಮೇಲೆ ಇರಲಿ ಅಂತ ಆಸೆಪಟ್ಟೆ."

ಹೊರಗೆ ಬೀದಿಯಲ್ಲಿ ಯಾರೋ ಅಂಗಡಿ ಶಟರ್ ಎತ್ತಿದ ಸದ್ದಾಯಿತು. ಅವಳಿಗೆ ಎದೆ ತುಂಬಿ ಬಂತು. ಹತ್ತು ವರ್ಷದಲ್ಲಿ ತನ್ನ ಹೊಲಿಗೆಯನ್ನು ಹೊಗಳಿದವರು ಲೆಕ್ಕವಿಲ್ಲ. ಅದಕ್ಕಾಗಿ ತನ್ನ ಸತ್ಯವನ್ನೇ ಬಿಡಲು ಹೊರಟವನು ಇವನೊಬ್ಬನೇ.

"ಹೋಗಬೇಡಿ ಅನ್ನಿ," ಅಂದ ಅವನು. "ಒಂದೇ ಒಂದು ಸಲ ಅನ್ನಿ, ಸಾಕು. ಇದ್ದುಬಿಡ್ತೀನಿ."

ಅಂದುಬಿಡಬೇಕು ಅನ್ನಿಸಿತು. ಬಹಳ ಅನ್ನಿಸಿತು. ದಿನಾ ಬೆಳಗ್ಗೆ ಎದುರಿಗೆ ಈ ಮುಖ, ಈ ಒಂದೇ ಕೆನ್ನೆಯ ಗುಳಿ, ಮೇಜಿನ ಆ ಬದಿಯಲ್ಲಿ ಈ ಒರಟು ಕೈ. ಮಾತು ನಾಲಿಗೆ ತುದಿಯಲ್ಲಿತ್ತು.

"ಅನ್ನಲ್ಲ," ಎಂದಳು.

"ಇಷ್ಟ ಇಲ್ವಾ?"

"ಇಷ್ಟ ಇಲ್ಲದೆ ಯಾರಾದ್ರೂ ಕಳ್ಳಿ ಥರ ಇನ್ನೊಬ್ಬರ ಹೊಲಿಗೆ ಬಿಚ್ಚಿ ಹೊಲೀತಾರಾ? ಇಷ್ಟ. ತುಂಬ ಇಷ್ಟ. ಬೀದಿಗೆಲ್ಲ ಕೇಳೋ ಹಾಗೆ ಹೇಳಬೇಕಾ? ಹೇಳ್ತೀನಿ." ಅವಳ ಕಣ್ಣು ತುಂಬಿತ್ತು, ಗದ್ದ ಮಾತ್ರ ಮೇಲೇ ಇತ್ತು. "ಆದ್ರೆ ನಾನು ಇಷ್ಟಪಟ್ಟದ್ದು ಯಾರನ್ನ? ಬೆರಳಲ್ಲಿ ರಕ್ತ ಬಂದ್ರೂ ಒಂದು ಉಸಿರಿಗೆ ಎರಡು ಹೊಲಿಗೆ ಹಾಕದ ಮನುಷ್ಯನ್ನ. ನಾನು ಕರೆದೆ ಅಂತ ಅವನು ಎದ್ದು ಬಂದ್ರೆ, ಆ ಮನುಷ್ಯ ಅಲ್ಲಿಗೇ ಹೋದ. ಉಳಿದವನನ್ನ ಕಟ್ಕೊಂಡು ನಾನೇನು ಮಾಡಲಿ? ನಿಮಗೇ ಆ ದಾರಿ ಬೇಡ ಅನ್ನಿಸಿದ್ರೆ ಅದು ಬೇರೆ ಮಾತು. ಅನ್ನಿಸಿದೆಯಾ? ನಿಜ ಹೇಳಿ."

ಅವನು ಕಣ್ಣು ಮುಚ್ಚಿದ. ಒಂದು ಉಸಿರು ಒಳಗೆ ಹೋಯಿತು, ಹೊರಗೆ ಬಂತು.

"ಇಲ್ಲ," ಅಂದ. "ಆ ದಾರಿ ಈಗಲೂ ಬೇಕು. ನೀವೂ ಬೇಕು."

"ಎರಡೂ ಸಿಗಲ್ಲ. ಮೊದಲು ಹೋಗಿ ಭಂತೇಜಿಗೆ ಹೇಳಿ ಬನ್ನಿ. ಬಂದು ಕತ್ತರಿ ತಗೊಳ್ಳಿ."

ಅವನು ಹೋಗಿ ಮಧ್ಯಾಹ್ನದೊಳಗೆ ಬಂದ. "ಏನಂದ್ರು?" ಎಂದು ಅವಳು ಬಾಗಿಲಲ್ಲೇ ಕೇಳಿದಳು.

"ಬಿಚ್ಚು, ಹೊಲಿ ಅಂದ್ರು. ಅಷ್ಟೇ. ಆಮೇಲೆ, ಆ ಟೈಲರಮ್ಮ ಚೆನ್ನಾಗಿ ಕೂರ್ತಾಳೆ ಅಂದ್ರು."

"ನನ್ನನ್ನ ನೋಡೇ ಇಲ್ವಲ್ಲ ಅವರು?"

"ಕೂತಾಗ ತನ್ನ ತಪ್ಪು ತನಗೆ ಕಂಡ್ರೆ ಕೂರೋದು ಬಂತು ಅಂತ ಅರ್ಥವಂತೆ. ನಾನು ಆರು ವರ್ಷ ಕೂತು ಮುಚ್ಚಿಟ್ಟೆ. ನೀವು ನಾಲ್ಕು ತಿಂಗಳಿಗೆ ಹೇಳಿಬಿಟ್ರಿ."

ಇಂಥ ಹೊಗಳಿಕೆಯನ್ನು ಅವಳು ಈವರೆಗೆ ಯಾವ ಗಿರಾಕಿಯ ಬಾಯಲ್ಲೂ ಕೇಳಿರಲಿಲ್ಲ. ಅವನಿಗೆ ಕಾಣದಂತೆ ತಿರುಗಿ ನಿಂತು, ಮಡಿಸಿದ್ದ ಬಟ್ಟೆಯನ್ನೇ ಮತ್ತೆ ಮಡಿಸಿದಳು.

ಅಂಚನ್ನು ಮೇಲೊಂದು ಕಡೆ ಕೆಳಗೊಂದು ಕಡೆ ಬಿಚ್ಚಬೇಕು, ಅವಳ ಜೋಡಣೆ ಪೂರ್ತಿ ಬಿಚ್ಚಬೇಕು, ಮತ್ತೆ ಹೊಲಿಯಬೇಕು. ಮೊದಲು ಹನ್ನೊಂದು ದಿನ ಹಿಡಿದ ಕೆಲಸ, ಈಗ ಎಂಟು ದಿನ. ಅವನು ಬೆಳಗ್ಗೆ ಬಂದರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಅವಳು ಹೊಸ ಗಿರಾಕಿಗಳನ್ನೆಲ್ಲ ಮುಂದಿನ ವಾರಕ್ಕೆ ತಳ್ಳಿ, ಎದುರಿನ ದಿಂಬಿನ ಮೇಲೆ ಕೂತಳು. ಹೊಲಿಗೆ ಹೇಳಿಕೊಡಲಿಲ್ಲ. ಹುಬ್ಬು ಹಾರಿಸಲಿಲ್ಲ. ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡಳು. ಬುದ್ಧಿ ಬಂದ ಮೇಲೆ ಅವಳ ಕೈ ಅಷ್ಟು ಹೊತ್ತು ಖಾಲಿ ಇದ್ದದ್ದು ಅದೇ ಮೊದಲು.

ಅವನ ಸೂಜಿ ಒಳಗೆ ಹೋದಾಗ ಅವಳ ಉಸಿರು ಒಳಗೆ ಹೋಗುತ್ತಿತ್ತು. ದಾರ ಹೊರಗೆ ಬಂದಾಗ ಹೊರಗೆ ಬರುತ್ತಿತ್ತು. ಅವನು ತಲೆ ಎತ್ತಿ ಅವಳನ್ನು ನೋಡುವುದನ್ನು ಬಿಟ್ಟಿದ್ದ. ನಾಲ್ಕನೇ ದಿನ ಒಂದು ಹೊತ್ತಿನಲ್ಲಿ ಅವಳಿಗೆ ಅಂಗಡಿ, ಬೀದಿ, ಎಂಟನೇ ದಿನ, ಅವನು ಹೋಗುವುದು, ತಾನು ಉಳಿಯುವುದು, ಏನೂ ಇಲ್ಲವಾಯಿತು. ಸೂಜಿ ಇತ್ತು, ಉಸಿರು ಇತ್ತು, ಅಷ್ಟೇ. ಎಲ್ಲೂ ನೋವಿರಲಿಲ್ಲ. ಹತ್ತು ಹೊಲಿಗೆಯಷ್ಟು ಹೊತ್ತು ಹಾಗಿತ್ತೇನೋ. ಆಹಾ, ನಾನೆಷ್ಟು ಚೆನ್ನಾಗಿ ಕೂತೆ ಎಂದು ಹೆಮ್ಮೆಪಟ್ಟಳು ನೋಡಿ, ತಕ್ಷಣ ಎಲ್ಲವೂ ವಾಪಸ್ಸು ಬಂತು, ನೋವೂ ಸೇರಿ. ಆದರೆ ಅವನು ಹುಡುಕಿಕೊಂಡು ಹೊರಟದ್ದು ಯಾವುದನ್ನು ಎಂದು ಅವಳಿಗೆ ಇನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಂಟನೇ ದಿನ ಸಂಜೆ ಬಿಸಿಲು ಇನ್ನೂ ಮೇಜಿನ ಮೇಲಿದ್ದಾಗ ಅವನು ಕೊನೆಯ ಗಂಟು ಹಾಕಿ ದಾರ ಕತ್ತರಿಸಿದ. ಇಬ್ಬರೂ ಬಗ್ಗಿ ನೋಡಿದರು.

"ಸೊಟ್ಟ ಇದೆ," ಅಂದ.

"ಇದೆ."

"ಮೊದಲಿಗಿಂತ ಪರವಾಗಿಲ್ವಾ?"

"ಸುಳ್ಳು ಹೇಳೋ ಹಾಗಿಲ್ಲ. ಹೆಚ್ಚುಕಮ್ಮಿ ಹಾಗೇ ಇದೆ."

ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತಲೇ ಅವನು ಅವಳ ಬಲಗೈ ಹಿಡಿದುಕೊಂಡ. ಸೂಜಿಯಿಂದ ಒರಟಾದ ಅವಳ ತೋರುಬೆರಳನ್ನು ಒಂದು ಸಲ ನೋಡಿ, ಆ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡ. ಅವಳು ಇನ್ನೊಂದು ಕೈಯನ್ನು ಅವನ ತಲೆಯ ಮೇಲಿಟ್ಟಳು. ನಾಳೆ ಆ ಕೂದಲು ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅತ್ತೆ ಬಾಗಿಲವರೆಗೆ ಬಂದವರು, ಏನೋ ಮರೆತವರಂತೆ ಹಾಗೇ ವಾಪಸ್ಸು ಹೋದರು.

ಮಾರನೇ ದಿನ ವಿಹಾರದ ಅಂಗಳ ತುಂಬಿತ್ತು. ಅವಳು ತನ್ನಲ್ಲಿದ್ದ ಅತ್ಯುತ್ತಮ ಉಡುಪು ಹಾಕಿಕೊಂಡು, ಅತ್ತೆಯ ಜೊತೆ ಮುಂದಿನ ಸಾಲಿನಲ್ಲೇ ನಿಂತಿದ್ದಳು. ಹಿಂದೆ ಅವಿತುಕೊಳ್ಳುವ ಕೆಲಸ ಅವಳೇನೂ ಮಾಡಿರಲಿಲ್ಲ. ದೀಕ್ಷೆಗೆ ನಿಂತವರು ಐದು ಜನ. ಅವನ ಸರದಿ ಬಂದಾಗ ಮುದುಕ ಭಂತೇಜಿ ಚೀವರ ಬಿಡಿಸಿ, ಪಟ್ಟಿ ಪಟ್ಟಿಯ ಮೇಲೂ ಬೆರಳಾಡಿಸಿದರು. ಎರಡನೇ ಜೋಡಣೆಯ ಮೇಲೆ ಬೆರಳು ನಿಧಾನವಾಯಿತು.

"ಇದು ನಿನ್ನ ಕೈಯದೇ?"

"ನನ್ನ ಕೈಯದೇ."

ಆ ದನಿ ಅಂಗಳದ ಕೊನೆಯವರೆಗೂ ಕೇಳಿಸಿತು. ಅದರಲ್ಲಿ ಒಂದು ಎಳೆಯೂ ನಡುಗಲಿಲ್ಲ. ಅವಳ ಬೆನ್ನು ತಾನಾಗೇ ನೆಟ್ಟಗಾಯಿತು. ಅಷ್ಟು ಜನರಲ್ಲಿ ಆ ಮಾತಿನ ಬೆಲೆ ಗೊತ್ತಿದ್ದವರು ಮೂವರು, ಆ ಮೂವರಲ್ಲಿ ತಾನೊಬ್ಬಳು ಎಂದು ಅವಳಿಗೆ ಮೈ ಜುಮ್ಮೆಂದಿತು.

ಹೊಸ ಭಿಕ್ಷುಗಳು ತಲೆ ಬೋಳಿಸಿಕೊಂಡು, ಚೀವರ ಹೊದ್ದು, ಸಾಲಾಗಿ ಅಂಗಳ ದಾಟಿ ಹೊರಟರು. ದೂರದ ಮಠಕ್ಕೆ ಅವತ್ತೇ ಪ್ರಯಾಣ. ಸಾಲು ಅವಳ ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಜನ ಕೈಮುಗಿದರು. ಅವಳೂ ಮುಗಿದಳು. ಅವನ ದೃಷ್ಟಿ ನೆಲದ ಮೇಲೆ, ನಾಲ್ಕು ಹೆಜ್ಜೆ ಮುಂದೆ ಇತ್ತು. ಅವಳ ಪಾದದ ಹತ್ತಿರ ಬಂದು, ನಿಲ್ಲದೆ, ಮುಂದೆ ಹೋಯಿತು. ಗೇಟು ದಾಟುವವರೆಗೂ ಅವಳು ರೆಪ್ಪೆ ಬಡಿಯಲಿಲ್ಲ.

ಅತ್ತೆ ಮೂಗು ಒರೆಸಿಕೊಂಡರು. "ಏನೇ, ಒಂದು ಸಲ ಆದ್ರೂ ನಿನ್ನ ಕಡೆ ತಿರುಗಿ ನೋಡಿದ್ನಾ?"

"ಇಲ್ಲ ಅತ್ತೆ," ಎಂದಳು ಅವಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗದೆ ಗದ್ದ ಎತ್ತಿ ನಿಂತಿದ್ದಳು. "ಒಂದೇ ಒಂದು ಸಲಾನೂ ನೋಡ್ಲಿಲ್ಲ."